ತುದಿ ಕೆರೆಯದ ತಂತಿ

ಸಿಟ್ಟು ಬಂದರೆ ಅಕ್ಕನ ಎಡಗಿವಿಯ ತುದಿ ಕೆಂಪಗಾಗುತ್ತಿತ್ತು. ಎಡಗಿವಿ ಮಾತ್ರ. ಬಲಗಿವಿ ತನಗೂ ಅದಕ್ಕೂ ಸಂಬಂಧವೇ ಇಲ್ಲವೆಂಬಂತೆ ತಣ್ಣಗಿರುತ್ತಿತ್ತು. ಚಿಕ್ಕಂದಿನಲ್ಲಿ ಏನಾದರೂ ತಪ್ಪು ಮಾಡಿ ಮನೆಗೆ ಬಂದರೆ ನಾನು ಮೊದಲು ನೋಡುತ್ತಿದ್ದದ್ದು ಅವಳ ಮುಖವನ್ನಲ್ಲ, ಆ ಕಿವಿಯನ್ನು. ಅದು ಕೆಂಪಗಿದ್ದರೆ ಬಾಗಿಲಲ್ಲೇ ತಿರುಗಿ ಓಡಬೇಕು. ಓಡಿದರೂ ಹಿಡಿಯುತ್ತಿದ್ದಳು.

ಈ ಕಿವಿಯ ವಿಷಯ ಈಗ ಯಾರಿಗೂ ಗೊತ್ತಿಲ್ಲ. ಅಕ್ಕ ಕೊನೆಗೆ ಕೆಲಸ ಮಾಡಿದ್ದು ಕೆ.ಆರ್. ಪುರ ದಾಟಿ ಹೋದರೆ ಸಿಗುವ ಒಂದು ಶಾಲೆಯಲ್ಲಿ. ಅಲ್ಲಿಯವರು ಅವಳ ನೆನಪಿಗೆ ಒಂದು ಪುಸ್ತಕ ತರುತ್ತಿದ್ದಾರೆ. ತಮ್ಮನಾದ ನಾನೂ ಬರೆದುಕೊಡಬೇಕಂತೆ. ಮಾದರಿಗೆ ಇರಲಿ ಎಂದು ಬೇರೆಯವರು ಬರೆದದ್ದನ್ನು ತೋರಿಸಿದರು. ಒಬ್ಬರು ‘ಶಾಂತಮೂರ್ತಿ’ ಎಂದಿದ್ದಾರೆ. ಇನ್ನೊಬ್ಬರು ‘ಎಂದೂ ದನಿ ಏರಿಸದ ಮೇಡಂ’ ಎಂದಿದ್ದಾರೆ. ಮತ್ತೊಬ್ಬರಿಗೆ ಅವಳು ‘ತಾಳ್ಮೆಯ ತವರು’. ಓದಿ ಆ ಹಾಳೆಗಳನ್ನು ಮಗುಚಿಟ್ಟೆ.

ಅವರ ತಪ್ಪಲ್ಲ. ಅವರು ನೋಡಿದ್ದೇ ಅಷ್ಟು. ಆದರೆ ಆ ಶಾಂತಿ ಅಕ್ಕ ಹುಟ್ಟಿದಾಗ ತಂದದ್ದಲ್ಲ. ಅದನ್ನು ಅವಳೊಳಗೆ ಹಾಕಿದವನು ನಾನು. ಅದನ್ನು ಗುಣ ಎಂದು ಹೊಗಳುವುದನ್ನು ಕೇಳಿಸಿಕೊಂಡು ಸುಮ್ಮನಿರಲು ನನ್ನಿಂದಾಗದು. ನಾನು ಓದಿದ್ದು ಏಳನೇ ಕ್ಲಾಸು. ಬರೆದು ಅಭ್ಯಾಸವಿಲ್ಲ. ಅಚ್ಚು ಹಾಕಿದರೆ ಹಾಕಲಿ, ಬಿಸಾಕಿದರೆ ಬಿಸಾಕಲಿ.

ನಮ್ಮಮ್ಮ ರಸೆಲ್ ಮಾರುಕಟ್ಟೆಯ ಹೊರಗೆ ಹೂವು ಮಾರುತ್ತಿದ್ದಳು. ಅಪ್ಪ ಬೇಗ ಹೋದ. ಹಲಸೂರಿನ ಒಂದು ಸಂದಿಯಲ್ಲಿ ನಮ್ಮದು ಒಂದೇ ಕೋಣೆ. ನಾನು ಎಲ್ಲರಿಗೂ ಹೇಳಿಕೊಂಡು ಬಂದ ಕಥೆ ಏನೆಂದರೆ, ಇಬ್ಬರನ್ನೂ ಓದಿಸಲು ಅಮ್ಮನಿಂದ ಆಗದೆ, ಅಕ್ಕ ಓದಲಿ ಎಂದು ನಾನು ಶಾಲೆ ಬಿಟ್ಟೆ. ಈ ಕಥೆಯನ್ನು ಗಿರಾಕಿಗಳಿಗೆ ಹೇಳಿದ್ದೇನೆ, ಹೆಣ್ಣು ನೋಡಲು ಹೋದಾಗ ಹೇಳಿದ್ದೇನೆ, ನನ್ನ ಮಕ್ಕಳಿಗೂ ಹೇಳಿದ್ದೇನೆ. ಹೇಳಿ ಹೇಳಿ ನಾನೇ ನಂಬಿದ್ದೆ. ಕೇಳಿದವರು ‘ದೊಡ್ಡ ಮನಸ್ಸು ಕಣಯ್ಯ ನಿಂದು’ ಎನ್ನುತ್ತಿದ್ದರು. ನಾನು ತಲೆ ತಗ್ಗಿಸಿ ನಗುತ್ತಿದ್ದೆ.

ನಿಜ ಬೇರೆ. ನಾನು ಏಳರಲ್ಲಿ ಫೇಲಾದೆ. ಮನೆಯಲ್ಲಿ ಹೇಳದೆ ದಿನಾ ಬ್ಯಾಗು ಹಿಡಿದು ಹೊರಟು, ಶಿವಾಜಿನಗರದಲ್ಲಿ ಮೋಟಾರ್ ವೈಂಡಿಂಗ್ ಮಾಡುವ ಉಸ್ತಾದರ ಅಂಗಡಿಯ ಮುಂದೆ ಕುಳಿತಿರುತ್ತಿದ್ದೆ. ಸುಟ್ಟುಹೋದ ಮೋಟಾರಿನ ಕರಿ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿದರೆ ಅದು ಮತ್ತೆ ಗುಂಯ್ ಎನ್ನುವುದನ್ನು ನೋಡುವುದೇ ನನಗೆ ಸಿನಿಮಾ. ಅಕ್ಕನಿಗೆ ಗೊತ್ತಾಯಿತು. ಬಂದಳು. ಕಾಲರ್ ಹಿಡಿದು, ಮಾರುಕಟ್ಟೆಯ ಕುರಿಮಾಂಸದ ಸಾಲಿನ ನಡುವೆ ಎಲ್ಲರೂ ನೋಡುವ ಹಾಗೆ ಎಳೆದುಕೊಂಡು ಹೋದಳು. ಕಿವಿ ಕೆಂಡ.

“ಓದಲ್ಲ ಅಂದ್ರೆ ಕಾಲು ಮುರೀತೀನಿ. ಮೋಟ್ರು ಸುತ್ತಕ್ಕೆ ಕೈ ಸಾಕು, ಕಾಲು ಬೇಕಾಗಿಲ್ಲ.”

ಮಾರನೆಯ ದಿನ ಮತ್ತೆ ಓಡಿಹೋದೆ. ಅವಳು ಮತ್ತೆ ಬಂದಳು. ಕಡೆಗೆ ಉಸ್ತಾದರೇ ನಕ್ಕು, “ಛೋಡೋ ಅಮ್ಮಾ, ಇದ್ಕೆ ದಿಮಾಗ್ ಕೈಯಲ್ಲಿದೆ” ಎಂದರು, ಬಿಟ್ಟುಬಿಡು, ಇವನ ಬುದ್ಧಿ ಇರುವುದು ಕೈಯಲ್ಲಿ ಎಂದು. ಅಕ್ಕ ನನ್ನ ಕಾಲರ್ ಬಿಟ್ಟಳು. “ಸರಿ ಸಾಬ್ರೇ. ಹೊಡೆದಾದ್ರೂ ಕಲಿಸಿ. ಅರ್ಧಂಬರ್ಧ ಕೆಲಸ ಮಾತ್ರ ಕಲಿಸ್ಬೇಡಿ” ಎಂದು ಹೊರಟಳು. ಆ ದಿನ ಅವಳು ಅತ್ತಳೆಂದು ಅಮ್ಮ ಆಮೇಲೆ ಹೇಳಿದಳು. ನಾನು ಶಾಲೆ ಬಿಟ್ಟದ್ದು ಹೀಗೆ. ಇದರಲ್ಲಿ ತ್ಯಾಗ ಎಲ್ಲಿದೆ?

ಉಸ್ತಾದರು ಕಲಿಸಿದ ಮೊದಲ ಪಾಠ ತಂತಿಯ ತುದಿ ಕೆರೆಯುವುದು. ವೈಂಡಿಂಗ್ ತಂತಿ ನೋಡಲು ಬರೀ ತಾಮ್ರದ ಹಾಗೆ ಹೊಳೆಯುತ್ತದೆ. ಬರೀ ತಾಮ್ರವಲ್ಲ. ಅದರ ಮೈತುಂಬ ಕಣ್ಣಿಗೆ ಕಾಣದಷ್ಟು ತೆಳ್ಳಗೆ ವಾರ್ನಿಶ್ ಇರುತ್ತದೆ. ಬ್ಲೇಡಿನಿಂದ ತುದಿಯನ್ನು ಕೆರೆದು ಬೆತ್ತಲೆ ಮಾಡದಿದ್ದರೆ, ಎಷ್ಟು ಬಿಗಿಯಾಗಿ ಹೆಣೆದರೂ ಕರೆಂಟು ಒಂದರಿಂದ ಇನ್ನೊಂದಕ್ಕೆ ದಾಟುವುದಿಲ್ಲ. ಎರಡನೆಯ ಪಾಠ, ಸುತ್ತಿದ ಯಾವ ಸುರುಳಿಯನ್ನೂ ಟೆಸ್ಟ್ ಬಲ್ಬಿಗೆ ಹಿಡಿಯದೆ ಅಂಗಡಿಯಿಂದ ಆಚೆ ಕಳಿಸಬಾರದು. ಬಲ್ಬ್ ಹತ್ತಿದರೆ ಒಳಗೆ ದಾರಿ ಸರಿಯಾಗಿದೆ ಎಂದು ಅರ್ಥ. “ಬತ್ತೀ ದಿಖಾಕೊ ಭೇಜ್ ರೇ” ಎನ್ನುತ್ತಿದ್ದರು, ದೀಪ ತೋರಿಸಿ ಕಳಿಸೋ ಎಂದು. ಮಗಳನ್ನು ಗಂಡನ ಮನೆಗೆ ಕಳಿಸುವ ಹಾಗೆ ಹೇಳುತ್ತಿದ್ದರು. ಹಲಸೂರಿನಲ್ಲಿ ನಾನು ಸ್ವಂತ ಅಂಗಡಿ ಹಾಕಿದ ಮೇಲೂ ಆ ಪದ್ಧತಿ ಬಿಟ್ಟಿಲ್ಲ. ಒಂದೇ ಒಂದು ಸಲ ಬಿಟ್ಟೆ.

ಅಕ್ಕ ಬಿ.ಎಸ್ಸಿ. ಮಾಡಿ, ಬಿ.ಎಡ್. ಮಾಡಿ, ಇಂದಿರಾನಗರದ ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನದ ಟೀಚರಾದಳು. ಕೆಲಸ ಕಾಯಂ ಅಲ್ಲ. ವರ್ಷ ವರ್ಷವೂ ಮುಂದಿನ ವರ್ಷ ನೋಡೋಣ ಎನ್ನುತ್ತಿದ್ದರು. ಅಷ್ಟು ಹೊತ್ತಿಗೆ ನಾನು ಮದುವೆಯಾಗಿ ಬೇರೆ ಇದ್ದೆ. ಅಕ್ಕ ಅಮ್ಮನನ್ನು ಕರೆದುಕೊಂಡು ದೊಮ್ಮಲೂರಿನಲ್ಲಿ ಮನೆ ಮಾಡಿದ್ದಳು. ಅವಳು ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ, “ದಿನಾ ಅಷ್ಟೊಂದು ಪೇಪರ್ ತಿದ್ತೀನಿ, ಸಾಲ್ದು ಅಂತ ಗಂಡನ್ನ ಬೇರೆ ತಿದ್ಬೇಕಾ?” ಎನ್ನುತ್ತಿದ್ದಳು.

ಅವಳ ಮನೆಗೆ ಹೋಗುವುದೆಂದರೆ ಒಂದು ಯುದ್ಧ. ಬಾಗಿಲಲ್ಲೇ ಶುರು.

“ಬಂದ್ರಾ ಸಾಹೇಬ್ರು? ಅಡ್ರೆಸ್ ಜ್ಞಾಪಕ ಇತ್ತಾ? ಚಪ್ಪಲಿ ಆಚೆ ಬಿಡೋ. ಕೈ ನೋಡು, ಗ್ರೀಸು! ಆ ಕೈಯಲ್ಲಿ ಅಮ್ಮನ್ನ ಮುಟ್ಬೇಡ.”

ಒಳಗೆ ಹೋಗಿ ಕೂರುವಷ್ಟರಲ್ಲಿ ಸಾಕುಸಾಕಾಗುತ್ತಿತ್ತು. ಕೂತ ಮೇಲೆ ಅವಳು ತಣ್ಣಗೆ. ತನ್ನ ಪಾಡಿಗೆ ತಾನು ಪೇಪರ್ ತಿದ್ದುತ್ತಿದ್ದಳು. ಹೊರಡುತ್ತೇನೆ ಎಂದ ಕೂಡಲೇ ಮತ್ತೆ ಯುದ್ಧ. ನನ್ನ ಹೆಲ್ಮೆಟ್ ತೆಗೆದು ಮಡಿಲಲ್ಲಿ ಇಟ್ಟುಕೊಂಡುಬಿಡುತ್ತಿದ್ದಳು. “ಈಗ್ತಾನೆ ಬಂದೆ, ಅಷ್ಟ್ರಲ್ಲೇನು ಓಟ? ಉಪ್ಪಿಟ್ಟಿಗೆ ರವೆ ಹುರೀತಿದೀನಿ. ಕೂತ್ಕೋ.” ಹೆಲ್ಮೆಟ್ ಬಿಡಿಸಿಕೊಳ್ಳಲು ಅರ್ಧ ಗಂಟೆ ಬೇಕು. ಅವಳು ಯಾರನ್ನೂ ಸುಲಭವಾಗಿ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ, ಬಂದವರನ್ನು ಸುಲಭವಾಗಿ ಹೊರಗೂ ಬಿಡುತ್ತಿರಲಿಲ್ಲ.

ಇಂದಿರಾನಗರಕ್ಕೆ ಮೆಟ್ರೋ ಬಂದ ಹೊಸತು. ಆ ಶಾಲೆಯಲ್ಲಿ ಒಂದು ಕಾಯಂ ಹುದ್ದೆ ಖಾಲಿಯಾಯಿತು. ಅಕ್ಕ ಮತ್ತು ಇನ್ನೊಬ್ಬ ಟೀಚರ್ ಇಬ್ಬರಲ್ಲಿ ಒಬ್ಬರಿಗೆ. ಆಡಳಿತ ಮಂಡಳಿಯವರು ಬಂದು ಕೂರುತ್ತಾರೆ, ಅವರ ಮುಂದೆ ಪಾಠ ಮಾಡಿ ತೋರಿಸಬೇಕು. ಇನ್ನೊಬ್ಬ ಟೀಚರ್ ಪರದೆಯ ಮೇಲೆ ವಿಡಿಯೋ ಹಾಕಿ ಪಾಠ ಮಾಡುವವರಿದ್ದರು. ಅಕ್ಕನಿಗೆ ಅದು ಬೇಡ. ಅವಳು ಆರಿಸಿಕೊಂಡ ಪಾಠ ವಿದ್ಯುತ್ಕಾಂತೀಯ ಪ್ರೇರಣೆ. ಮಕ್ಕಳ ಕಣ್ಣೆದುರೇ ಮಾಡಿ ತೋರಿಸಬೇಕೆಂದು ನನ್ನ ಅಂಗಡಿಗೆ ಬಂದಳು.

ಅಂಗಡಿಯಲ್ಲಿ ಇಬ್ಬರು ಕೆಲಸಗಾರರಿದ್ದರು, ಪಂಪ್ ರಿಪೇರಿಗೆ ಬಂದ ಗಿರಾಕಿಯೊಬ್ಬರಿದ್ದರು. ಅಕ್ಕ ಸ್ಟೂಲ್ ಎಳೆದು ಕೂತು ವಿವರಿಸಿದಳು. ಎರಡು ಹಲಗೆ ಎದುರುಬದುರು ನಿಲ್ಲಿಸಬೇಕು. ಅವುಗಳ ಒಳಮೈಗೆ ಗುಜರಿಯಲ್ಲಿ ಸಿಗುವ ಹಳೇ ಸ್ಪೀಕರ್‌ಗಳ ಮ್ಯಾಗ್ನೆಟ್ ಸಾಲಾಗಿ ಅಂಟಿಸಬೇಕು. ಸ್ಲೇಟಿನಷ್ಟಗಲದ ಮರದ ಚೌಕಟ್ಟಿಗೆ ತಂತಿ ಸುತ್ತಿ, ಅದಕ್ಕೆ ಗಾಲಿ ಇಟ್ಟು, ಎರಡು ಹಲಗೆಗಳ ನಡುವೆ ಓಡಿಸಬೇಕು. ತಂತಿಯ ಎರಡು ತುದಿಯನ್ನು ಗ್ಯಾಲ್ವನೋಮೀಟರಿಗೆ ಕೊಟ್ಟರೆ ಕರೆಂಟು ಹುಟ್ಟಿದಾಗ ಅದರ ಮುಳ್ಳು ಆಡುತ್ತದೆ.

“ಚೌಕಟ್ಟು ಮ್ಯಾಗ್ನೆಟ್ ನಡುವೆ ನುಗ್ಗೋವಾಗ ಮುಳ್ಳು ಒಂದು ಕಡೆ ಹಾರತ್ತೆ. ಪೂರ್ತಿ ಒಳಗೆ ಹೋದ್ಮೇಲೆ ಎಷ್ಟೇ ಓಡ್ಲಿ, ಸುಮ್ಮನಿರತ್ತೆ. ಆಚೆ ಬರೋವಾಗ ಇನ್ನೊಂದು ಕಡೆ ಹಾರತ್ತೆ.”

“ಒಳಗೆ ಓಡ್ತಾನೇ ಇದ್ರೂ ಕರೆಂಟಿಲ್ವಾ?” ಎಂದೆ.

“ಓಡೋದಲ್ಲ ಕಣೋ ಮುಖ್ಯ, ಬದಲಾಗೋದು. ಒಳಗೆಲ್ಲಾ ಒಂದೇ ಸಮ ಇದ್ರೆ ಎಲ್ಲಿಂದ ಬರತ್ತೆ? ಇನ್ನೊಂದು ಮಜಾ ಕೇಳು. ಹುಟ್ಟೋ ಕರೆಂಟು, ಒಳಗೆ ಬರೋದನ್ನ ತಳ್ಳತ್ತೆ, ಆಚೆ ಹೋಗೋದನ್ನ ಹಿಡ್ಕೊಳತ್ತೆ.”

ಅದು ನನ್ನ ಕೈಗೆ ಗೊತ್ತಿತ್ತು. ಡೈನಮೋ ಹಿಡಿ ತಿರುಗಿಸುವಾಗ ಬಲ್ಬ್ ಸೇರಿಸಿದ್ದರೆ ಕೈಗೆ ಭಾರ ಬರುತ್ತದೆ. ಎಲ್ಲೋ ತುದಿ ಬಿಟ್ಟುಕೊಂಡಿದ್ದರೆ ಹಗುರವಾಗಿ ಗಿರ್ರೆಂದು ತಿರುಗುತ್ತದೆ. ನಾನು ಅದನ್ನು ಹೇಳುವ ಬದಲು, “ಓ, ಥೇಟ್ ನಿನ್ನ ಥರಾನೇ ಬಿಡು” ಎಂದೆ. ಕೆಲಸಗಾರರು ಕಿಸಕ್ಕೆಂದರು. ಅಕ್ಕನೂ ನಕ್ಕಳು. ಆದರೆ ಕೊಟ್ಟದ್ದನ್ನು ತಿರುಗಿಸಿ ಕೊಡದಿದ್ದರೆ ಅವಳು ಅಕ್ಕನೇ ಅಲ್ಲ.

“ಹೌದಪ್ಪಾ. ನಿನ್ನ ಸ್ಕೂಲೊಳಗೆ ಹಿಡಿದಿಡೋಕೆ ಮಾತ್ರ ಈ ಅಕ್ಕನ ಕೈಲಿ ಆಗ್ಲಿಲ್ಲ. ಅದೇನೋ ನಂಗೋಸ್ಕರ ಸ್ಕೂಲ್ ಬಿಟ್ಟೆ ಅಂತ ಊರೆಲ್ಲಾ ಹೇಳ್ಕೊಂಡ್ ತಿರುಗ್ತೀಯಂತೆ? ಏಳನೇ ಕ್ಲಾಸ್ ಲೆಕ್ಕದ ಪೇಪರಲ್ಲಿ ಬಾತುಕೋಳಿ ಚಿತ್ರ ಬರೆದು ಬಂದಿದ್ದು ಇವ್ರಿಗೆ ಹೇಳಿದ್ಯಾ?”

ಗಿರಾಕಿ ಹೊಟ್ಟೆ ಹಿಡಿದು ನಕ್ಕರು. ಹಿಂದಿನ ವಾರವಷ್ಟೇ ನಾನು ಅವರಿಗೆ ನನ್ನ ತ್ಯಾಗದ ಕಥೆ ಹೇಳಿ ಕಾಫಿ ಕುಡಿಸಿಕೊಂಡಿದ್ದೆ. ನಾನೂ ನಕ್ಕೆ. ಮುಖ ನಕ್ಕಿತು, ಒಳಗೆ ಸುಟ್ಟುಕೊಂಡಿತು. ಅಕ್ಕ ಎದ್ದು ಹೋಗುವಾಗ, “ಚೆನ್ನಾಗಿ ಸುತ್ತೋ. ನನ್ನ ಕೆಲಸ ಇದರ ಮೇಲಿದೆ” ಎಂದಳು. ಆ ಮಾತು ನನಗೆ ಕೇಳಿಸಲಿಲ್ಲ ಎಂದು ನಾನು ಹೇಳುವಂತಿಲ್ಲ. ಸ್ಪಷ್ಟವಾಗಿ ಕೇಳಿಸಿತು.

ಸುತ್ತಿದೆ. ಕೈ ಮೋಸ ಮಾಡಲಿಲ್ಲ, ಒಂದು ಸುತ್ತಿನ ಮೇಲೆ ಇನ್ನೊಂದು ಸುತ್ತು ಏರದ ಹಾಗೆ ಸುತ್ತಿದೆ. ಒಂದು ತುದಿ ಕೆರೆದು ಹೊರಗಿನ ವೈರಿಗೆ ಸೇರಿಸಿ ಬೆಸುಗೆ ಹಾಕಿದೆ. ಇನ್ನೊಂದು ತುದಿ ಕೈಯಲ್ಲಿತ್ತು, ಬ್ಲೇಡು ಪಕ್ಕದಲ್ಲಿತ್ತು. ನಾನು ಬ್ಲೇಡು ಮುಟ್ಟಲಿಲ್ಲ. ವಾರ್ನಿಶ್ ಇದ್ದ ಹಾಗೆಯೇ ತಂತಿಯನ್ನು ವೈರಿಗೆ ಹೆಣೆದು, ಮೇಲೆ ಕಪ್ಪು ಪ್ಲಾಸ್ಟಿಕ್ ನಳಿಕೆ, ಅಂದರೆ ಸ್ಲೀವ್, ಎಳೆದುಬಿಟ್ಟೆ. ಸ್ಲೀವ್ ಮುಚ್ಚಿದ ಮೇಲೆ ದೇವರಿಗೂ ಕಾಣುವುದಿಲ್ಲ. ಟೆಸ್ಟ್ ಬಲ್ಬ್ ತಲೆಯ ಮೇಲೇ ನೇತಾಡುತ್ತಿತ್ತು. ಹಿಡಿಯಲಿಲ್ಲ. ಮರೆತೆ ಎಂದು ಬಹಳ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಮರೆಯಲಿಲ್ಲ. ನನ್ನನ್ನು ನಗೆಪಾಟಲು ಮಾಡಿದವಳು ತಾನೂ ಒಂದು ನಿಮಿಷ ಎಲ್ಲರ ಮುಂದೆ ಪೆಚ್ಚಾಗಲಿ ಎನ್ನಿಸಿತು. ಒಂದೇ ನಿಮಿಷ. ಆಮೇಲೆ ಅವಳೇ ಸ್ಲೀವ್ ಸರಿಸಿ ನೋಡಿ ಸರಿಮಾಡಿಕೊಳ್ಳುತ್ತಾಳೆ ಎಂದು ಯಾವ ಧೈರ್ಯದ ಮೇಲೆ ಅಂದುಕೊಂಡೆನೋ, ಅವತ್ತಿನ ಆ ನನ್ಮಗ ಈಗ ಕೈಗೆ ಸಿಕ್ಕರೆ ಕೊಂದುಬಿಡುತ್ತೇನೆ.

ಹಲಗೆ, ಚೌಕಟ್ಟು ಹೊತ್ತುಕೊಂಡು ನಾನೇ ಶಾಲೆಗೆ ಹೋದೆ. ಅಕ್ಕ ನನ್ನನ್ನು ಕ್ಲಾಸಿನ ಹಿಂದೆ ನಿಲ್ಲಿಸಿಕೊಂಡಳು. ಮನೆಯಲ್ಲಿ ನೋಡಿಕೊಳ್ಳಲು ಅವಳಿಗೆ ಗ್ಯಾಲ್ವನೋಮೀಟರ್ ಕೊಟ್ಟಿರಲಿಲ್ಲ, ಅದು ಪಾಠದ ಹೊತ್ತಿಗಷ್ಟೇ ಬೀರುವಿನಿಂದ ಆಚೆ ಬಂತು. “ನೀನು ಟೆಸ್ಟ್ ಮಾಡಿದೀಯಲ್ಲ, ಸಾಕು ಬಿಡು” ಎಂದಳು. ನಾನು ಹೂಂ ಎಂದೆ. ಈಗಲೂ ನನ್ನ ಕಿವಿಯಲ್ಲಿ ಆ ಹೂಂ ಕೇಳಿಸುತ್ತದೆ.

ಪಾಠ ಚೆನ್ನಾಗಿ ಹೋಯಿತು. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದರು. ಕೊನೆಗೆ, “ಈಗ ಮುಳ್ಳು ನೋಡಿ” ಎಂದು ಚೌಕಟ್ಟು ತಳ್ಳಿದಳು. ಮುಳ್ಳು ಅಲುಗಲಿಲ್ಲ. ಇನ್ನಷ್ಟು ಜೋರಾಗಿ ತಳ್ಳಿದಳು. ಇಲ್ಲ. ಸ್ಕ್ರೂ ಬಿಗಿ ಮಾಡಿದಳು, ಮತ್ತೆ ತಳ್ಳಿದಳು, ಎಳೆದಳು, ತಳ್ಳಿದಳು. ಗಾಲಿ ಕಟಕಟ ಎನ್ನುತ್ತಿತ್ತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಮಿಸ್, ಕರೆಂಟ್ ಹೋಗಿದೆ” ಎಂದಳು. ಇಡೀ ಕ್ಲಾಸು ಘೊಳ್ಳೆಂದಿತು. ಕುರ್ಚಿಯಲ್ಲಿ ಕೂತಿದ್ದ ಮಂಡಳಿಯ ಮನುಷ್ಯ ವಾಚು ನೋಡಿಕೊಂಡು, “ಪರ್ವಾಗಿಲ್ಲ ಮೇಡಂ. ಇದಕ್ಕೇ ವಿಡಿಯೋ ಒಳ್ಳೇದು ಅನ್ನೋದು. ಫೇಲ್ ಆಗಲ್ಲ” ಎಂದ.

ಅಕ್ಕ ಹಿಂದೆ ನಿಂತಿದ್ದ ನನ್ನ ಕಡೆ ನೋಡಿದಳು. ಬೈಯುವ ನೋಟವಲ್ಲ. ಏನಾಯ್ತು ಹೇಳೋ, ಬಂದು ಸರಿಮಾಡೋ ಎನ್ನುವ ನೋಟ. ನಾಲ್ಕು ಹೆಜ್ಜೆ ಮುಂದೆ ಹೋಗಿ ಸ್ಲೀವ್ ಸರಿಸಿ ಹಲ್ಲಿನಲ್ಲಿ ಕೆರೆದಿದ್ದರೂ ಸಾಕಿತ್ತು. ನಾನು ತಲೆಯೆತ್ತಿ ಫ್ಯಾನ್ ನೋಡಿದೆ.

ಮಾರನೆಯ ದಿನ ಅವಳು ಚೌಕಟ್ಟು ಹಿಡಿದು ಅಂಗಡಿಗೆ ಬಂದಳು. ಸ್ಲೀವ್ ಆಗಲೇ ತೆಗೆದಿದ್ದಳು. ನನ್ನ ಮೇಜಿನಿಂದ ಬ್ಲೇಡು ಎತ್ತಿಕೊಂಡು, ನನ್ನೆದುರಿಗೇ ನಿಂತು, ಆ ತುದಿಯನ್ನು ಕೆರೆದಳು. ಬೆತ್ತಲೆ ತಾಮ್ರ ಹೊಳೆಯಿತು. ತಾನೇ ಬೆಸುಗೆ ಹಾಕಿದಳು, ಆ ಕೆಲಸ ಅವಳಿಗೆ ಬರುತ್ತಿರಲಿಲ್ಲ, ಸೀಸ ಕಂಬಳಿಹುಳುವಿನ ಹಾಗೆ ಗಂಟುಗಂಟಾಗಿ ಕೂತಿತು. ಟೆಸ್ಟ್ ಬಲ್ಬಿಗೆ ಹಿಡಿದಳು. ಹತ್ತಿತು.

“ಕೆಲಸ ಬರದೆ ಮಾಡಿದ್ದೀಯ ಅನ್ಕೊಂಡಿದ್ದೆ” ಎಂದಳು. “ಆ ಕಡೆ ತುದಿ ನೋಡ್ದೆ. ಎಷ್ಟು ಚೆನ್ನಾಗಿ ಕೆರೆದಿದ್ದೀಯ. ಕೆಲಸ ಬರತ್ತೆ ನಿಂಗೆ.”

ಅಷ್ಟೇ. ನಾನು ಅವಳ ಎಡಗಿವಿ ನೋಡಿದೆ. ಕೆಂಪಗಿರಲಿಲ್ಲ. ಬಲಗಿವಿಯ ಹಾಗೇ ಇತ್ತು. ನನ್ನ ಜೀವಮಾನದಲ್ಲಿ ನಾನು ನಿಜವಾಗಿ ಹೆದರಿದ್ದು ಆಗ.

ಹುದ್ದೆ ವಿಡಿಯೋ ಟೀಚರಿಗೆ ಹೋಯಿತು. ವರ್ಷ ಮುಗಿದ ಮೇಲೆ ಅಕ್ಕನನ್ನು ಬರಬೇಡಿ ಎಂದರು. ಸಿಕ್ಕಿದ್ದು ಕೆ.ಆರ್. ಪುರದಾಚೆಯ ಶಾಲೆ. ದೊಮ್ಮಲೂರಿನಿಂದ ಟಿನ್ ಫ್ಯಾಕ್ಟರಿ ಸ್ಟಾಪಿಗೆ ಒಂದು ಬಸ್ಸು, ಅಲ್ಲಿ ಧೂಳಿನಲ್ಲಿ ನಿಂತು ಇನ್ನೊಂದು ಬಸ್ಸು. ದಿನಾ ಹೋಗುತ್ತಾ, ದಿನಾ ಬರುತ್ತಾ. ಕೆಮ್ಮು ಶುರುವಾದದ್ದು ಅಲ್ಲೇ. ಆಮೇಲೆ ಅದು ಶ್ವಾಸಕೋಶದ ರೋಗ ಎಂದಾಯಿತು. ಆ ಧೂಳಿಗೂ ರೋಗಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರ್ ಹೇಳಿದ. ಡಾಕ್ಟರ್ ಟಿನ್ ಫ್ಯಾಕ್ಟರಿಯಲ್ಲಿ ಬಸ್ಸಿಗೆ ಕಾದಿದ್ದಾನಾ?

ಆ ವರ್ಷಗಳಲ್ಲಿ ನಾನು ಮನೆಗೆ ಹೋದರೆ, “ಬಾ” ಎನ್ನುತ್ತಿದ್ದಳು. ಚಪ್ಪಲಿಯ ಮಾತಿಲ್ಲ, ಗ್ರೀಸಿನ ಮಾತಿಲ್ಲ. ಬೇಕೆಂದೇ ಒಮ್ಮೆ ಚಪ್ಪಲಿ ಹಾಕಿಕೊಂಡೇ ಅಡುಗೆಮನೆಯವರೆಗೂ ಹೋದೆ. ನೋಡಿದಳು, ಕಾಫಿಗೆ ಹಾಲು ಇಟ್ಟಳು. ಹೊರಡುತ್ತೇನೆ ಎಂದರೆ, “ಆಯ್ತು, ಹುಷಾರು” ಎಂದು ಹೆಲ್ಮೆಟನ್ನು ತಾನೇ ತಂದು ಕೈಗೆ ಕೊಡುತ್ತಿದ್ದಳು. ಅಮ್ಮ ತೀರಿಕೊಂಡಾಗಲೂ ನನ್ನ ಹತ್ತಿರ ಜಗಳವಾಡಲಿಲ್ಲ. ಹಗುರವಾಗಿ ತಿರುಗುವ ಡೈನಮೋ ಎಂದರೆ ಏನೆಂದು ನನಗೆ ಗೊತ್ತು. ಎಲ್ಲೋ ತುದಿ ಬಿಟ್ಟಿದೆ ಎಂದರ್ಥ. ಎಲ್ಲಿ ಬಿಟ್ಟಿದೆ ಎಂಬುದೂ ಗೊತ್ತಿತ್ತು. ಬಾಯಿ ಬಿಟ್ಟು ಹೇಳಿದ್ದರೆ ಆಗುತ್ತಿತ್ತು. ಹೇಳಲಿಲ್ಲ. ನಾಳೆ, ಹಬ್ಬ ಕಳೆಯಲಿ, ಅವಳ ಕೆಮ್ಮು ಇಳಿಯಲಿ. ಅವಳ ಮೇಲೂ ಸಿಟ್ಟು ಬರುತ್ತಿತ್ತು. ಒಂದು ಸಲ ಕೆನ್ನೆಗೆ ಬಾರಿಸಿ ಮುಗಿಸಬಾರದೇ ಎಂದು. ಇದೇ ಹೊತ್ತಿನಲ್ಲಿ ಕೆ.ಆರ್. ಪುರದವರು ಅವಳನ್ನು ಶಾಂತಮೂರ್ತಿ ಎನ್ನುತ್ತಿದ್ದರು.

ಮೆಟ್ರೋ ಕೆ.ಆರ್. ಪುರದವರೆಗೂ ಬಂತು. ಅಕ್ಕನಿಗೆ ಅದರಲ್ಲಿ ಹತ್ತಿಳಿಯುವ ಶಕ್ತಿ ಅಷ್ಟು ಹೊತ್ತಿಗೆ ಉಳಿದಿರಲಿಲ್ಲ.

ಆಸ್ಪತ್ರೆಯಲ್ಲಿ, ಮೂಗಿಗೆ ಆಮ್ಲಜನಕದ ನಳಿಗೆ ಹಾಕಿದ್ದಾಗ, ನಾನು ಮಂಚದ ಪಕ್ಕ ಕೂತು ಶುರು ಮಾಡಿದೆ. “ಅಕ್ಕಾ, ಅವತ್ತು ಆ ತುದಿ ನಾನು ಬೇಕಂತಲೇ...”

“ಮುಚ್ಚೋ ಬಾಯಿ.”

ದನಿ ಸಣ್ಣಗಿತ್ತು. ಆದರೆ ಅವಳು ತಿರುಗಿದಾಗ ನೋಡಿದೆ. ಎಡಗಿವಿಯ ತುದಿ ಕೆಂಪಗಿತ್ತು.

“ಇಷ್ಟು ವರ್ಷ ಬಿಟ್ಟು ಈಗ ಬಂದ್ಯಾ? ನಾನು ಹೋಗೋಕ್ ಮುಂಚೆ ನಿನ್ನ ಹೊಟ್ಟೆ ಹಗುರ ಮಾಡ್ಕೊಂಡ್ಬಿಡಣ ಅಂತಾನಾ? ಆಗಲ್ಲ. ನನ್ನ ಮೇಲೆ ಇಳಿಸ್ಬೇಡ ಅದನ್ನ. ನೀನೇ ಹೊತ್ಕೋ.” ಉಸಿರು ಸಾಲದೆ ನಿಲ್ಲಿಸಿದಳು. ಮತ್ತೆ ಶುರುಮಾಡಿದಳು. “ಕಳ್ಳ. ಬಾತುಕೋಳಿ ಬರೆದೋನು. ಆಸ್ಪತ್ರೆಗೆ ಬರೋವಾಗ್ಲಾದ್ರೂ ಕೈ ತೊಳ್ಕೊಂಡ್ ಬರ್ಬಾರ್ದಾ? ಥೂ.”

ನರ್ಸ್ ಓಡಿ ಬಂದು ನನ್ನನ್ನು ಎಬ್ಬಿಸಿದಳು. ನಾನು ಹೆಲ್ಮೆಟ್ ತೆಗೆದುಕೊಂಡೆ. ಅಕ್ಕ ಕೈ ಚಾಚಿ ಅದರ ಪಟ್ಟಿ ಹಿಡಿದುಕೊಂಡಳು. ಬಿಡಿಸಿಕೊಳ್ಳಲು ನಾನು ನೋಡಲಿಲ್ಲ. ಅವಳ ಕೈಗೇ ಬಿಟ್ಟು ಹೊರಗೆ ಬಂದೆ. ಮೂರನೆಯ ದಿನ ಆ ಹೆಲ್ಮೆಟನ್ನು ಅವಳ ಬಟ್ಟೆಬರೆಯ ಜೊತೆ ಚೀಲದಲ್ಲಿ ಹಾಕಿ ನನಗೆ ಕೊಟ್ಟರು.

ಮೊನ್ನೆ ಈ ಬರಹದ ವಿಷಯ ಮಾತಾಡಲು ಶಾಲೆಗೆ ಹೋದಾಗ ಹೆಡ್ ಮಾಸ್ಟರು ಪ್ರಯೋಗಾಲಯಕ್ಕೆ ಕರೆದುಕೊಂಡು ಹೋದರು. ಆ ಚೌಕಟ್ಟು ಅಲ್ಲಿತ್ತು. ಅಕ್ಕ ಪ್ರತಿ ವರ್ಷ ಅದರಲ್ಲೇ ಪಾಠ ಮಾಡುತ್ತಿದ್ದಳಂತೆ. ಮಾಸ್ಟರು ತಳ್ಳಿ ತೋರಿಸಿದರು. ಒಳಗೆ ನುಗ್ಗುವಾಗ ಮುಳ್ಳು ಚಕ್ಕನೆ ಹಾರಿತು. ನಡುವೆ ಸ್ವಲ್ಪ ನಡುಗಿತು, ಹಳೇ ಮ್ಯಾಗ್ನೆಟ್‌ಗಳು, ಒಂದೇ ಸಮ ಇಲ್ಲ. ಆಚೆ ಬರುವಾಗ ಇನ್ನೊಂದು ಕಡೆಗೆ ಹಾರಿತು.

“ನನ್ನ ತಮ್ಮ ಸುತ್ತಿದ್ದು ಅಂತ ಮಕ್ಕಳಿಗೆ ಹೇಳೋರು ಸಾರ್. ಇಷ್ಟು ವರ್ಷ ಆಯ್ತು, ಒಂದು ದಿನ ಕೈ ಕೊಟ್ಟಿಲ್ಲ. ಗಟ್ಟಿ ಕೆಲಸ ನಿಮ್ದು” ಎಂದರು.

ಆ ಕಂಬಳಿಹುಳುವಿನಂಥ ಬೆಸುಗೆ ನನಗೆ ಕಾಣುತ್ತಿತ್ತು. ಅದು ನನ್ನ ಕೆಲಸವಲ್ಲ, ಅವಳದು ಎನ್ನಬೇಕಿತ್ತು. “ಹೂಂ ಸಾರ್” ಎಂದೆ. ಮತ್ತೆ ಅದೇ ಹೂಂ.

ಆದ್ದರಿಂದ ಇಲ್ಲಿ ಬರೆದಿದ್ದೇನೆ. ಪುಸ್ತಕ ತರುವವರಿಗೆ ನನ್ನದೊಂದು ಮಾತಿದೆ. ಶಾಂತಮೂರ್ತಿ ಎಂದು ಬರೆದಿದ್ದನ್ನು ಹೊಡೆದುಹಾಕಿ. ಕೊನೆಯ ಪುಟದಲ್ಲಿ ‘ಶಾಂತವಾಗಿ ಕಣ್ಣುಮುಚ್ಚಿದರು’ ಎಂದಿದೆ, ಅದನ್ನೂ ಹೊಡೆದುಹಾಕಿ. ಅವಳು ಬೈಯುತ್ತಾ ಹೋದಳು. ನನ್ನನ್ನು ಬೈಯುತ್ತಾ ಹೋದಳು.